ಗುರುವನ್ನು ಹೆಸರು ಹಿಡಿದು ಕರೆಯುವ ನಾಡಿನಲ್ಲಿ

ವಿದೇಶಕ್ಕೆ ಓದಲು ಹೋಗುವವರ ಬಗೆಗೆ ನಮ್ಮಲ್ಲಿ ನಡೆಯುವ ಮಾತುಕತೆ ಸಾಮಾನ್ಯವಾಗಿ ವೀಸಾ, ಶುಲ್ಕ, ಬ್ಯಾಂಕ್ ಸಾಲ, ಚಳಿ ಮತ್ತು ಊಟದ ಸುತ್ತಲೇ ತಿರುಗಿ ಮುಗಿದುಹೋಗುತ್ತದೆ. ಅಮೆರಿಕಕ್ಕೋ ಇಂಗ್ಲೆಂಡಿಗೋ ಹೊರಟವರಿಗೆ ಇಷ್ಟು ಸಾಕಾಗಬಹುದು. ಅಲ್ಲಿನ ಭಾಷೆ ನಮಗೆ ಅಷ್ಟಿಷ್ಟು ಗೊತ್ತು. ಮೊದಲೇ ಹೋಗಿ ನೆಲೆಸಿದ ನೆಂಟರಿಷ್ಟರಿದ್ದಾರೆ. ಯುಗಾದಿಗೆ ಹೋಳಿಗೆ ಬಡಿಸುವ ಕನ್ನಡ ಸಂಘಗಳಿವೆ. ಆದರೆ ಡೆನ್ಮಾರ್ಕಿನಂತಹ ಪುಟ್ಟ ದೇಶಕ್ಕೆ ಹೊರಟ ವಿದ್ಯಾರ್ಥಿಯ ಪಾಡು ಬೇರೆ. ಕರ್ನಾಟಕದ ಕಾಲು ಭಾಗಕ್ಕಿಂತಲೂ ಕಡಿಮೆ ವಿಸ್ತೀರ್ಣದ, ಸುಮಾರು 60 ಲಕ್ಷ ಜನರಿರುವ ಆ ದೇಶದ ಬಗ್ಗೆ ನಮ್ಮ ಶಾಲಾ ಪುಸ್ತಕಗಳು ಹೇಳಿಕೊಟ್ಟಿರುವುದು ಅತ್ಯಲ್ಪ. ಹ್ಯಾಮ್ಲೆಟ್ ಅಲ್ಲಿಯ ರಾಜಕುಮಾರ, ಆಂಡರ್ಸನ್ ಅಲ್ಲಿಯ ಕಥೆಗಾರ, ನೀಲ್ಸ್ ಬೋರ್ ಅಲ್ಲಿಯ ವಿಜ್ಞಾನಿ. ಇಷ್ಟಾದರೆ ನಮ್ಮ ಜ್ಞಾನ ಮುಗಿಯಿತು.

ನನ್ನ ಅಕ್ಕನ ಮಗಳು 2025ರ ಆಗಸ್ಟ್ ಕೊನೆಯ ವಾರ ಗದಗಿನಿಂದ ಅಲ್ಲಿಗೆ ಹೊರಟಳು. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡುತ್ತ ಬೆಳೆದ ಹುಡುಗಿ. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಕೋಪನ್‌ಹೇಗನ್‌ಗೆ ಹೊಂದಿಕೊಂಡಂತಿರುವ ಲಿಂಗ್ಬಿಯ ಡೆನ್ಮಾರ್ಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪವನಶಕ್ತಿಯ ಸ್ನಾತಕೋತ್ತರ ಪದವಿಗೆ ಸೇರಿದಳು. ತನ್ನ ವಿದ್ಯುತ್ತಿನ ಅರ್ಧಕ್ಕೂ ಹೆಚ್ಚು ಭಾಗವನ್ನು ಗಾಳಿಯಿಂದಲೇ ಪಡೆಯುವ ದೇಶದಲ್ಲಿ ಈ ವಿಷಯವನ್ನು ಓದುವುದು ಸಹಜವಾದ ಆಯ್ಕೆಯೇ. ಆ ವಿಶ್ವವಿದ್ಯಾಲಯವನ್ನು 1829ರಲ್ಲಿ ಸ್ಥಾಪಿಸಿದವರು, ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ನಂಟನ್ನು ಕಂಡುಹಿಡಿದ ಓರ್ಸ್ಟೆಡ್. ಅವಳ ಮೊದಲ ಎಂಟು ವಾರಗಳ ಕಥೆ ನನಗೆ ಬಂದದ್ದು ಫೋನಿನ ಮೂಲಕ, ಬಹುಮಟ್ಟಿಗೆ ರಾತ್ರಿ ಒಂಬತ್ತೂವರೆಯ ನಂತರ. ಅಲ್ಲಿ ಆಗ ಸಂಜೆ ಆರು ಗಂಟೆ. ಡೇನರು ಊಟಕ್ಕೆ ಕೂರುವ ಹೊತ್ತು.

ನಾವೆಲ್ಲ ಅವಳನ್ನು ಚಳಿಗೆ ಸಿದ್ಧಗೊಳಿಸಿದ್ದೆವು. ಅಕ್ಕ ಉಣ್ಣೆಯ ಉಡುಪು, ಕಟಕ ರೊಟ್ಟಿ, ಶೇಂಗಾ ಹಿಂಡಿ ಎಲ್ಲವನ್ನೂ ಕಟ್ಟಿದ್ದಳು. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ ಎಂಬ ನಿಯಮವಿರುವುದರಿಂದ ಧಾರವಾಡದ ಪೇಡೆಯ ಡಬ್ಬಿ ಮಾತ್ರ ಮನೆಯಲ್ಲೇ ಉಳಿಯಿತು. ಇಷ್ಟೆಲ್ಲ ಸಿದ್ಧತೆಯ ನಡುವೆ, ಮೊದಲ ವಾರದಲ್ಲೇ ಎದುರಾಗಲಿದ್ದ ಬಿಕ್ಕಟ್ಟಿನ ಸುಳಿವು ಮಾತ್ರ ಯಾರಿಗೂ ಇರಲಿಲ್ಲ. ಅದು ಹುಟ್ಟಿದ್ದು ಒಂದು ಸಂಬೋಧನೆಯಿಂದ.

ಪ್ರಾಧ್ಯಾಪಕರೊಬ್ಬರಿಗೆ ಅವಳು ಇ-ಮೇಲ್ ಬರೆದಿದ್ದಳು. ನಮ್ಮ ಕಾಲೇಜುಗಳಲ್ಲಿ ಕಲಿಸಿದಂತೆ 'ಗೌರವಾನ್ವಿತ ಸರ್' ಎಂದು ಆರಂಭಿಸಿ, ಬಿಡುವಿಲ್ಲದ ತಮ್ಮ ಸಮಯದಲ್ಲಿ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಕೋರಿ, ಎರಡು ಪ್ಯಾರಾ ದಾಟಿದ ನಂತರ ವಿಷಯಕ್ಕೆ ಬಂದಿದ್ದಳು. ಉತ್ತರ ಹತ್ತೇ ನಿಮಿಷದಲ್ಲಿ ಬಂತು. ಒಂದೂವರೆ ಸಾಲು. ಕೆಳಗೆ ಪದವಿ, ಬಿರುದು ಏನೂ ಇಲ್ಲದೆ ಬರಿಯ ಮೊದಲ ಹೆಸರು. ಮರುದಿನ ತರಗತಿಯಲ್ಲಿ ಅವರು ಎಲ್ಲರಿಗೂ ನಗುತ್ತಲೇ ಹೇಳಿದರಂತೆ: ಇಲ್ಲಿ ಸರ್ ಇಲ್ಲ, ಮೇಡಂ ಇಲ್ಲ, ನನ್ನನ್ನು ಹೆಸರಿನಿಂದ ಕರೆಯಿರಿ.

"ಮಾಮಾ, ಅವರ ವಯಸ್ಸು ಅರವತ್ತರ ಮ್ಯಾಲ ಐತಿ. ಹೆಸರ ಹಿಡದು ಹೆಂಗ ಕರೀಲಿ?" ಎಂದು ಅವಳು ಕೇಳಿದಾಗ ಅದರಲ್ಲಿ ತಮಾಷೆ ಇರಲಿಲ್ಲ. ಅವಳ ತಂದೆ, ಅಂದರೆ ನನ್ನ ಭಾವ, ಪ್ರೌಢಶಾಲೆಯ ಶಿಕ್ಷಕರು. ಇಪ್ಪತ್ತು ವರ್ಷದ ಹಿಂದೆ ಅವರ ಬಳಿ ಕಲಿತವರು ಇಂದಿಗೂ ಗದಗಿನ ಬಸ್ ನಿಲ್ದಾಣದಲ್ಲಿ ಬಗ್ಗಿ ಕಾಲು ಮುಟ್ಟುತ್ತಾರೆ. ಆ ಮನೆಯಲ್ಲಿ ಗುರುವಿನ ಹೆಸರನ್ನು ಹಾಗೇ ಉಚ್ಚರಿಸುವುದೆಂದರೆ ಬರೀ ಅಸಭ್ಯತೆಯಲ್ಲ, ಅಪಚಾರ. ಒಂದು ವಾರ ಅವಳು ಸಂಬೋಧನೆಯನ್ನೇ ಬಿಟ್ಟು ಮಾತನಾಡಿದಳು. ಎದುರಿಗೆ ಹೋಗಿ ನಿಂತು, ಅವರು ತಲೆಯೆತ್ತಿ ನೋಡುವವರೆಗೆ ಕಾಯುವುದು. ಕೊನೆಗೊಂದು ದಾರಿ ಕಂಡುಕೊಂಡಳು: "ಹೆಸರ ಕರೀತೀನಿ ಮಾಮಾ. ಕರದಾಗೆಲ್ಲಾ ಮನಸಿನೊಳಗ 'ರೀ' ಅಂತ ಸೇರಿಸ್ಕೋತೀನಿ."

ಕನ್ನಡದಲ್ಲಿ, ಅದರಲ್ಲಿಯೂ ಉತ್ತರ ಕರ್ನಾಟಕದ ಕನ್ನಡದಲ್ಲಿ, ಆ ಒಂದಕ್ಷರ ಹೊರುವ ಭಾರ ಸಣ್ಣದಲ್ಲ. ನೀನು, ನೀವು, ತಾವು ಎಂಬ ಮೆಟ್ಟಿಲುಗಳು ಸಾಲದೆಂಬಂತೆ ಕ್ರಿಯಾಪದಕ್ಕೂ ಹೆಸರಿಗೂ 'ರೀ' ಹಚ್ಚಿ ನಾವು ಗೌರವವನ್ನು ಅಳೆಯುತ್ತೇವೆ. ಡ್ಯಾನಿಶ್ ಭಾಷೆಗೂ ಇಂಥದೊಂದು ಮೆಟ್ಟಿಲಿತ್ತು. 'ಡು' ಎಂದರೆ ನೀನು, 'ಡಿ' ಎಂದರೆ ನೀವು. 1970ರ ದಶಕದ ಸುಮಾರಿಗೆ ಡೇನರು ದೈನಂದಿನ ಮಾತಿನಿಂದ ಆ 'ಡಿ'ಯನ್ನು ಬಹುತೇಕ ಕೈಬಿಟ್ಟರು. ಇಂದು ಅಂಗಡಿಯ ಹುಡುಗ, ವೈದ್ಯ, ಮಂತ್ರಿ, ಪ್ರಾಧ್ಯಾಪಕ ಎಲ್ಲರೂ 'ಡು'. 2024ರಲ್ಲಿ ಪಟ್ಟಕ್ಕೇರಿದ ದೊರೆ ಹತ್ತನೆಯ ಫ್ರೆಡರಿಕ್ ಅವರಿಗೆ ಮತ್ತು ರಾಜಮನೆತನಕ್ಕೆ ಮಾತ್ರ ಹಳೆಯ ಬಹುವಚನದ ಮರ್ಯಾದೆ ಉಳಿದಿದೆ. ಒಂದು ಜನಾಂಗ ತನ್ನ ಸರ್ವನಾಮವನ್ನೇ ಒಂದು ತಲೆಮಾರಿನೊಳಗೆ ಬದಲಾಯಿಸಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ. ನನ್ನ ಮಟ್ಟಿಗೆ ಹೇಳುವುದಾದರೆ, 'ರೀ' ಇಲ್ಲದ ಗದಗನ್ನು ಕಲ್ಪಿಸಿಕೊಳ್ಳಲು ನನಗೆ ಮನಸ್ಸಿಲ್ಲ.

ಹೆಸರಿನ ತೊಡಕು ವಾರದಲ್ಲಿ ತೀರಿತು. ಅದರ ಹಿಂದಿದ್ದ ದೊಡ್ಡ ತೊಡಕು ಆಗಷ್ಟೇ ಆರಂಭವಾಗಿತ್ತು. ಅಲ್ಲಿನ ಕಲಿಕೆಯ ಬಹುಪಾಲು ಗುಂಪು ಕೆಲಸದಲ್ಲಿ ನಡೆಯುತ್ತದೆ. ನಾಲ್ಕು ಜನರ ಗುಂಪಿಗೊಂದು ಸಮಸ್ಯೆ, ಅದಕ್ಕೊಬ್ಬ ಮಾರ್ಗದರ್ಶಕರು. ಅವರ ಬಳಿ ಹೋಗಿ "ನಾವು ಏನು ಮಾಡಬೇಕು?" ಎಂದು ಕೇಳಿದರೆ ಸಿಗುವ ಉತ್ತರ, "ನಿಮಗೇನು ಅನ್ನಿಸುತ್ತದೆ?" ಎಂಬ ಮರುಪ್ರಶ್ನೆ. ಅವಳಿಗೆ ಮೊದಲು ಅನ್ನಿಸಿದ್ದು, ಈ ಮನುಷ್ಯನಿಗೆ ವಿಷಯ ಗೊತ್ತಿಲ್ಲ ಎಂದು. ಆಮೇಲೆ, ಗೊತ್ತಿದ್ದೂ ಹೇಳಲು ಆಸಕ್ತಿಯಿಲ್ಲ ಎಂದು. ಮೂರನೆಯ ವಾರದಲ್ಲಿ ಸಹಪಾಠಿಯೊಬ್ಬ, ಊಟದ ಡಬ್ಬಿಯಿಂದ ಹಸಿ ಕ್ಯಾರೆಟ್ ತೆಗೆದು ಕಡಿಯುತ್ತ, ಫಲಕದ ಮೇಲಿನ ಸಮೀಕರಣದಲ್ಲಿ ಋಣ ಚಿಹ್ನೆ ತಪ್ಪಿದೆ ಎಂದು ಕುಳಿತಲ್ಲಿಂದಲೇ ಹೇಳಿದನಂತೆ. ಪ್ರಾಧ್ಯಾಪಕರು ತಿರುಗಿ ನೋಡಿ, ತಿದ್ದಿ, ಥ್ಯಾಂಕ್ಸ್ ಹೇಳಿ ಮುಂದುವರಿದರು. ಆ ಚಿಹ್ನೆ ತಪ್ಪಿದ್ದು ನಮ್ಮ ಹುಡುಗಿಗೂ ಕಂಡಿತ್ತು. ಅವಳು ತನ್ನ ಟಿಪ್ಪಣಿ ಪುಸ್ತಕದಲ್ಲಿ ಮಾತ್ರ ತಿದ್ದಿಕೊಂಡು ಸುಮ್ಮನೆ ಕುಳಿತಿದ್ದಳು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಹಿರಿಯರೆದುರು ಮೌನವಾಗಿರುವುದು ನಮ್ಮಲ್ಲಿ ವಿನಯ. ಅಲ್ಲಿ ಅದೇ ಮೌನಕ್ಕೆ ಎರಡೇ ಅರ್ಥ: ಒಂದೋ ನಿಮಗೆ ಗೊತ್ತಿಲ್ಲ, ಇಲ್ಲವೇ ನೀವು ಪಾಲ್ಗೊಳ್ಳುತ್ತಿಲ್ಲ. ಗುಂಪಿನ ಸಭೆಯಲ್ಲಿ ಉಳಿದ ಮೂವರೂ ಮಾತನಾಡಿ ಮುಗಿಸಿ ಅವಳ ಮುಖ ನೋಡುತ್ತ ಕಾಯುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು. ಒಂದು ದಿನ ಗುಂಪಿನ ಹುಡುಗಿಯೊಬ್ಬಳು ಯಾವ ಕಹಿಯೂ ಇಲ್ಲದೆ, ಹವಾಮಾನದ ಬಗ್ಗೆ ಹೇಳುವಷ್ಟು ಸಹಜವಾಗಿ, "ನಿನ್ನ ಅಭಿಪ್ರಾಯವೇನೆಂಬುದು ನಮಗೆ ಇನ್ನೂ ಗೊತ್ತಾಗಿಲ್ಲ" ಎಂದಳು. ಆ ರಾತ್ರಿಯ ಫೋನ್ ಬಹಳ ಉದ್ದವಾಗಿತ್ತು. ಪ್ರತಿ ಸೆಮಿಸ್ಟರಿನಲ್ಲೂ ಮೊದಲ ಸಾಲಿನಲ್ಲಿದ್ದವಳು, ಹದಿನಾರು ವರ್ಷ ಓದಿದವಳು. ತನ್ನ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಇದೇ ಮೊದಲೆಂದು ಅವಳಿಗೆ ಆಗ ಹೊಳೆದಿತ್ತು.

ಅಲ್ಲಿನ ಪರೀಕ್ಷೆಯ ವಿಧಾನವೂ ಇದಕ್ಕೆ ಪೂರಕವಾಗಿದೆ. ಅನೇಕ ವಿಷಯಗಳಿಗೆ ಮೌಖಿಕ ಪರೀಕ್ಷೆ. ಕೋಣೆಯೊಳಗೆ ಪಾಠ ಹೇಳಿದವರು, ಹಲವು ವೇಳೆ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು, ಮತ್ತು ವಿದ್ಯಾರ್ಥಿ. ಹಿಂದೆ ಮೇಜಿಗೆ ಹಸಿರು ಬಟ್ಟೆ ಹಾಸುವ ಸಂಪ್ರದಾಯವಿದ್ದುದರಿಂದ ಪರೀಕ್ಷೆಗೆ 'ಹಸಿರು ಮೇಜು' ಎಂಬ ಹೆಸರೇ ನಿಂತಿದೆ. ಇಪ್ಪತ್ತು ನಿಮಿಷ, ಅರ್ಧ ಗಂಟೆ ಮಾತು. ನಂತರ ವಿದ್ಯಾರ್ಥಿ ಹೊರಗೆ ಕಾಯಬೇಕು. ಕೆಲವೇ ನಿಮಿಷಗಳಲ್ಲಿ ಒಳಕರೆದು ಅಂಕ ಹೇಳುತ್ತಾರೆ. ಅಂಕಗಳ ಶ್ರೇಣಿಯೂ ವಿಚಿತ್ರ: ಅತ್ಯುತ್ತಮಕ್ಕೆ 12, ನಂತರ 10, 7, 4, ತೇರ್ಗಡೆಗೆ 02, ಅನುತ್ತೀರ್ಣಕ್ಕೆ 00, ಮತ್ತು ತೀರಾ ಕಳಪೆಯಾದರೆ ಮೈನಸ್ 3. ಉರುಹೊಡೆದ ಉತ್ತರಕ್ಕೆ ಅಲ್ಲಿ ಆಯುಸ್ಸು ಕಡಿಮೆ, "ಯಾಕೆ?" ಎಂಬ ಎರಡನೆಯ ಪ್ರಶ್ನೆಗೇ ಅದು ಮುಗ್ಗರಿಸುತ್ತದೆ.

ಈ ಬಗೆಯ ಶಿಕ್ಷಣ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಪಾದ್ರಿಯೂ ಕವಿಯೂ ಆಗಿದ್ದ ಗ್ರುಂಡ್ಟ್ವಿಗ್ (1783-1872), ಲ್ಯಾಟಿನ್ ವ್ಯಾಕರಣವನ್ನು ಬಾಯಿಪಾಠ ಮಾಡಿಸುತ್ತಿದ್ದ ಅಂದಿನ ಶಾಲೆಗಳನ್ನು ಸಾವಿನ ಶಾಲೆಗಳೆಂದು ಜರೆದರು. ರೈತರ ಮಕ್ಕಳು ಗುರುವಿನೊಡನೆ ಒಂದೇ ಸೂರಿನಡಿ ಇದ್ದು, ಪರೀಕ್ಷೆಯ ಹಂಗಿಲ್ಲದೆ, ಆಡುಮಾತಿನ ಸಂವಾದದ ಮೂಲಕ ಕಲಿಯಬೇಕೆಂಬುದು ಅವರ ಆಶಯವಾಗಿತ್ತು. ಆ ವಿಚಾರದಿಂದ ಪ್ರೇರಿತವಾದ ಮೊದಲ ಜನತಾ ವಿದ್ಯಾಲಯ ರೋಡಿಂಗ್ ಎಂಬ ಊರಿನಲ್ಲಿ 1844ರಲ್ಲಿ ಆರಂಭವಾಯಿತು. ಅದೇ ಪರಂಪರೆಯ ಆಸ್ಕೊವ್ ವಿದ್ಯಾಲಯದಲ್ಲಿ ಪೌಲ್ ಲಾ ಕೂರ್ ಎಂಬ ಶಿಕ್ಷಕರು 1891ರಲ್ಲಿ ವಿದ್ಯುತ್ ಉತ್ಪಾದಿಸುವ ಗಾಳಿಯಂತ್ರವನ್ನು ನಿಲ್ಲಿಸಿ ಪ್ರಯೋಗ ಆರಂಭಿಸಿದರು. ಹಳ್ಳಿಯ ಯುವಕರಿಗೆ ವಿದ್ಯುತ್ತಿನ ಕೆಲಸ ಕಲಿಸಿದರು. ಇಂದು ನಮ್ಮ ಗದಗಿನ ಹುಡುಗಿ ಲಿಂಗ್ಬಿಯಲ್ಲಿ ಕಲಿಯುತ್ತಿರುವ ವಿದ್ಯೆಯ ಬೇರು, ಅವಳನ್ನು ತಬ್ಬಿಬ್ಬುಗೊಳಿಸಿದ ಆ ಸಮಾನತೆಯ ಬೇರು, ಎರಡೂ ಒಂದೇ ಶಾಲೆಯ ಅಂಗಳದಲ್ಲಿವೆ.

ಹೆಚ್ಚಿನವರಿಗೆ ನೆನಪಿರಲಾರದು, ಈ ಜನತಾ ವಿದ್ಯಾಲಯಗಳ ಗಾಳಿ ನಮ್ಮ ರಾಜ್ಯಕ್ಕೂ ಬೀಸಿತ್ತು. ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿ ಗ್ರಾಮೀಣ ಯುವಕರಿಗಾಗಿ ತೆರೆದ ವಿದ್ಯಾಪೀಠಗಳಿಗೆ ಡೆನ್ಮಾರ್ಕಿನ ಈ ಶಾಲೆಗಳೇ ಮಾದರಿಯಾಗಿದ್ದವು. ಆ ಗಾಳಿ ನಮ್ಮ ಪದವಿ ಕಾಲೇಜುಗಳ ಒಳಗೆ ಮಾತ್ರ ಸುಳಿಯಲಿಲ್ಲ. ಪ್ರಶ್ನೆಪತ್ರಿಕೆಯ ಹಳೆಯ ಸಂಚಿಕೆಗಳು, ಜೆರಾಕ್ಸ್ ಟಿಪ್ಪಣಿಗಳು, ಆಂತರಿಕ ಅಂಕದ ಅಂಜಿಕೆ; ಇವುಗಳ ನಡುವೆ ಅಭಿಪ್ರಾಯಕ್ಕೆ ಜಾಗವೆಲ್ಲಿ? ವಿದೇಶಕ್ಕೆ ಹೋಗುವ ಮಕ್ಕಳಿಗೆ ಇಂಗ್ಲಿಷ್ ಪರೀಕ್ಷೆಯ ತರಬೇತಿ ಕೊಡುವ ಅಂಗಡಿಗಳು ಬೀದಿಗೊಂದಿವೆ. ಗುರುವಿನ ಮಾತಿಗೆ ಸಭ್ಯವಾಗಿ ಎದುರಾಡುವುದು ಹೇಗೆಂದು ಕಲಿಸುವ ತರಗತಿ ಮಾತ್ರ ನಮ್ಮ ಹದಿನಾರು ವರ್ಷದ ವಿದ್ಯಾಭ್ಯಾಸದಲ್ಲಿ ಒಂದೂ ಇಲ್ಲ.

ತರಗತಿಯೊಳಗೆ ಹೀಗೆ ಧಾರಾಳವಾಗಿ ಸಿಗುವ ಸಮಾನತೆ, ಹೊರಗೆ ಕಾಲಿಟ್ಟೊಡನೆ ಹತ್ತು ಅಂಕಿಗಳ ಒಂದು ಸಂಖ್ಯೆಯನ್ನು ಕೇಳುತ್ತದೆ. ಡೆನ್ಮಾರ್ಕ್ 1968ರಲ್ಲೇ ತನ್ನ ಪ್ರತಿಯೊಬ್ಬ ನಿವಾಸಿಗೂ ಸಿ.ಪಿ.ಆರ್. ಎಂಬ ಸಂಖ್ಯೆ ಕೊಟ್ಟಿತು. ನಮ್ಮ ಆಧಾರ್‌ಗಿಂತ ನಾಲ್ಕು ದಶಕ ಮೊದಲು. ಮೊದಲ ಆರು ಅಂಕಿ ಹುಟ್ಟಿದ ದಿನಾಂಕ. ಕೊನೆಯ ಅಂಕಿ ಹೆಂಗಸರಿಗೆ ಸಮ, ಗಂಡಸರಿಗೆ ಬೆಸ. ಈ ಸಂಖ್ಯೆಯಿಲ್ಲದೆ ಬ್ಯಾಂಕ್ ಖಾತೆ ತೆರೆಯುವುದು ಬಹಳ ಕಷ್ಟ, ವೈದ್ಯರಿಲ್ಲ, ಸರ್ಕಾರದ ಡಿಜಿಟಲ್ ಬಾಗಿಲುಗಳು ತೆರೆಯುವುದಿಲ್ಲ. ಸಂಖ್ಯೆ ಬೇಕಾದರೆ ವಿಳಾಸ ಬೇಕು. ಆದರೆ ಕೋಪನ್‌ಹೇಗನ್ ಸುತ್ತಮುತ್ತ ಆಗಸ್ಟ್ ತಿಂಗಳಲ್ಲಿ ಒಂದು ಕೋಣೆ ಸಿಗುವುದೆಂದರೆ ಜಾತ್ರೆಯಲ್ಲಿ ಕಳೆದುಹೋದ ಓಲೆ ಸಿಕ್ಕಷ್ಟೇ ಅಪರೂಪ. ಬಾಡಿಗೆ ಕಾನೂನಿನ ಪ್ರಕಾರ ಮಾಲೀಕ ಮೂರು ತಿಂಗಳ ಬಾಡಿಗೆಯನ್ನು ಠೇವಣಿಯಾಗಿಯೂ ಇನ್ನು ಮೂರು ತಿಂಗಳದ್ದನ್ನು ಮುಂಗಡವಾಗಿಯೂ ಕೇಳಬಹುದು. ಸಾಲ ಮಾಡಿ ಬಂದ ವಿದ್ಯಾರ್ಥಿಗೆ ಮೊದಲ ಏಟು ಬೀಳುವುದು ಇಲ್ಲಿ.

ಅವಳು ಮೊದಲು ಒಪ್ಪಿಕೊಂಡಿದ್ದ ಕೋಣೆಯ ಮಾಲೀಕ, ಹಣ ಕಳಿಸುವ ಹೊತ್ತಿಗೆ, ಆ ವಿಳಾಸದಲ್ಲಿ ನೋಂದಣಿ ಮಾಡಿಸುವಂತಿಲ್ಲ ಎಂದುಬಿಟ್ಟ. ಬಾಡಿಗೆಯೂ ಸ್ವಲ್ಪ ಕಡಿಮೆಯೇ ಇತ್ತು. ನೋಂದಣಿ ಇಲ್ಲದ ಕೋಣೆ ಎಂದರೆ ಸಂಖ್ಯೆಯಿಲ್ಲದ ಬಾಳು. ಅಂಥ ಕೋಣೆ ಎಷ್ಟು ಅಗ್ಗವಾದರೂ ದುಬಾರಿಯೇ. ಅದೃಷ್ಟವಶಾತ್ ಹಿರಿಯ ವಿದ್ಯಾರ್ಥಿನಿಯೊಬ್ಬಳು ಎಚ್ಚರಿಸಿದಳು. ಹೊರಡಲು ಹತ್ತು ದಿನವಿರುವಾಗ ವಿದ್ಯಾರ್ಥಿ ನಿಲಯವೊಂದರಲ್ಲಿ, ಹನ್ನೆರಡು ಜನರಿಗೊಂದು ಅಡುಗೆಮನೆ ಇರುವ ಕಡೆ, ಜಾಗ ಸಿಕ್ಕಿತು. ವಿಳಾಸ ಸಿಕ್ಕ ಐದು ದಿನದೊಳಗೆ ನಗರಸಭೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಎರಡು ಮೂರು ವಾರದ ಮೇಲೆ ಅಂಚೆಯಲ್ಲಿ ಹಳದಿ ಬಣ್ಣದ ಆರೋಗ್ಯ ಕಾರ್ಡ್ ಬರುತ್ತದೆ, ಅದರ ಮೇಲೆ ನಿಮಗೆ ಗೊತ್ತುಪಡಿಸಿದ ವೈದ್ಯರ ಹೆಸರಿರುತ್ತದೆ. ಟಪಾಲು ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿರದಿದ್ದರೆ ಕಾರ್ಡ್ ಬಂದ ದಾರಿಯಲ್ಲೇ ಹಿಂದಿರುಗಬಹುದು. ಅವಳು ನೋಡಿದ್ದು ಒಂದು ಯುಗದ ಕೊನೆಯ ಅಂಚೆ ಎನ್ನಬೇಕು: 1624ರಿಂದ ನಡೆದುಬಂದಿದ್ದ ಪತ್ರ ವಿತರಣೆಯನ್ನು ಡೆನ್ಮಾರ್ಕಿನ ಅಂಚೆ ಸಂಸ್ಥೆ 2025ರ ಡಿಸೆಂಬರ್ ಕೊನೆಗೆ ನಿಲ್ಲಿಸಿತು, ಆ ಕೆಲಸ ಈಗ ಬೇರೊಂದು ಸಂಸ್ಥೆಯ ಪಾಲಾಗಿದೆ.

ಸಂಖ್ಯೆ ಕೈಗೆ ಬಂದ ಮೇಲೆ ಆ ದೇಶ ಇನ್ನೊಂದೇ ಮುಖ ತೋರಿಸುತ್ತದೆ. ಹಳ್ಳಿಯ ರಸ್ತೆ ಬದಿಯಲ್ಲಿ ರೈತರು ಆಲೂಗಡ್ಡೆ, ಸೇಬು ಇಟ್ಟು, ಪಕ್ಕದಲ್ಲೊಂದು ಹಣದ ಡಬ್ಬಿ ಇಟ್ಟು ಹೋಗಿರುತ್ತಾರೆ. ಕಾಯುವವರಿಲ್ಲ. ಕಾಫಿ ಅಂಗಡಿಯ ಹೊರಗೆ ತಳ್ಳುಗಾಡಿಯಲ್ಲಿ ಹಸುಗೂಸು ಮಲಗಿರುತ್ತದೆ, ತಾಯಿ ಒಳಗಿರುತ್ತಾಳೆ. ನಂಬಿಕೆ ಅಲ್ಲಿ ಗಾಳಿಯಷ್ಟು ಸಹಜ. ಆದರೆ ಈ ನಂಬಿಕೆಯನ್ನು ಸ್ನೇಹವೆಂದು ಭಾವಿಸಿದವರು ನಿರಾಶರಾಗುತ್ತಾರೆ. ಬಸ್ಸಿನಲ್ಲಿ ಖಾಲಿ ಜಾಗವಿರುವಾಗ ಯಾರೂ ನಿಮ್ಮ ಪಕ್ಕದಲ್ಲಿ ಕೂರುವುದಿಲ್ಲ. ಮೆಟ್ಟಿಲಲ್ಲಿ ಎದುರಾದ ನೆರೆಯವರು ಒಂದು ನಗೆ ಚೆಲ್ಲಿ ಸರಿದುಹೋಗುತ್ತಾರೆ. "ಯಾವಾಗರ ಮನೀಗೆ ಬಾ" ಎಂಬ ನಮ್ಮ ಮಾತಿಗೆ ಅಲ್ಲಿ ಅರ್ಥವಿಲ್ಲ. ಬರಬೇಕಾದರೆ ವಾರವನ್ನು ಗೊತ್ತುಮಾಡಬೇಕು. ಅದನ್ನೂ ಅವರು ದಿನಾಂಕದಿಂದಲ್ಲ, ವರ್ಷದ ಎಷ್ಟನೆಯ ವಾರವೆಂದು ಹೇಳುತ್ತಾರೆ. "41ನೇ ವಾರದಲ್ಲಿ ಸಿಗೋಣ" ಎಂದರೆ ಪಂಚಾಂಗ ತೆಗೆದು ಎಣಿಸಬೇಕು. ಶಾಲೆಗಳಿಗೂ ವಿಶ್ವವಿದ್ಯಾಲಯಕ್ಕೂ ಶರತ್ಕಾಲದ ರಜೆ 42ನೇ ವಾರ. ಹಿಂದೆ ಮಕ್ಕಳು ಹೊಲದಲ್ಲಿ ಆಲೂಗಡ್ಡೆ ಆರಿಸಲು ಹೋಗುತ್ತಿದ್ದುದರಿಂದ ಅದಕ್ಕೆ ಆಲೂಗಡ್ಡೆ ರಜೆ ಎಂಬ ಹೆಸರಿತ್ತು.

ಊಟದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕಪ್ಪು ರೈ ಬ್ರೆಡ್ಡಿನ ಹುಳಿ ಅವಳಿಗೆ ಹಿಡಿಸಲಿಲ್ಲ. 'ಕ್ನೆಕ್‌ಬ್ರೋಡ್' ಎಂಬ ಗರಿಗರಿಯಾದ ಒಣ ರೊಟ್ಟಿ ಕಟಕ ರೊಟ್ಟಿಯ ದೂರದ ತಂಗಿಯಂತೆ ಕಂಡು, ಶೇಂಗಾ ಹಿಂಡಿಯೊಡನೆ ದಿನದೂಡಿತು. ಸೈಕಲ್ ಬೇಗ ಕೈವಶವಾಯಿತು. ನಿಲ್ಲುವ ಮುನ್ನ ಕೈ ಎತ್ತಬೇಕು, ಕತ್ತಲಾದರೆ ಹಿಂದೆ ಮುಂದೆ ದೀಪವಿರಲೇಬೇಕು, ಇಲ್ಲದಿದ್ದರೆ ದಂಡ. ಮಳೆಯೊಡನೆ ಅಡ್ಡ ಬೀಸುವ ಗಾಳ ಮಾತ್ರ ಕಪ್ಪತಗುಡ್ಡದವಳನ್ನೂ ಎರಡು ಸಲ ಕೆಳಗಿಳಿಸಿತಂತೆ.

ನನಗೆ ನಿಜವಾದ ಆತಂಕ ಹುಟ್ಟಿದ್ದು ಭಾಷೆಯ ವಿಷಯದಲ್ಲಿ. ಏಕೆಂದರೆ ಅಲ್ಲಿ ಭಾಷೆಯ ತೊಂದರೆ ಮೊದಲಿಗೆ ಕಾಣಿಸುವುದೇ ಇಲ್ಲ. ಪಾಠ ಇಂಗ್ಲಿಷಿನಲ್ಲಿ, ಅಂಗಡಿಯವರಿಗೆ, ಬಸ್ ಚಾಲಕರಿಗೆ, ವೃದ್ಧರಿಗೂ ಸೊಗಸಾದ ಇಂಗ್ಲಿಷ್ ಬರುತ್ತದೆ. ನೀವು ಎರಡು ಡ್ಯಾನಿಶ್ ಪದ ತೊದಲಿದರೆ ಅವರು ಕನಿಕರದಿಂದ ಇಂಗ್ಲಿಷಿಗೆ ಹೊರಳುತ್ತಾರೆ. ಹೀಗೆ ಮೊದಲ ತಿಂಗಳು ಸುಖವಾಗಿ ಕಳೆಯುತ್ತದೆ, ಮೊದಲ ವರ್ಷವೂ ಕಳೆದುಹೋಗುತ್ತದೆ. ಗುಂಪಿನ ಸಭೆ ಇಂಗ್ಲಿಷಿನಲ್ಲಿ ನಡೆದರೂ ಅದು ಮುಗಿದು ಕಾಫಿ ಬಂದಾಗ ಮಾತು ಡ್ಯಾನಿಶಿಗೆ ತಿರುಗುತ್ತದೆ, ನಗು ಅಲ್ಲಿ ಏಳುತ್ತದೆ. ಓದು ಮುಗಿದ ಮೇಲೆ ಸಣ್ಣ ಮತ್ತು ಮಧ್ಯಮ ಕಂಪನಿಗಳ ಅನೇಕ ಕೆಲಸಗಳಿಗೆ ಡ್ಯಾನಿಶ್ ಬೇಕೇ ಬೇಕು. ಸಮಾನತೆ ಅಲ್ಲಿ ನಿಜ. ಆದರೆ ಅದು ಡ್ಯಾನಿಶ್ ಮಾತನಾಡುವ ಸಮಾನತೆ.

ಆ ಭಾಷೆಯೋ ಬರೆದಂತೆ ಓದುವ ಕನ್ನಡಿಗರ ತಾಳ್ಮೆಯನ್ನು ಪರೀಕ್ಷಿಸುವಂಥದು. ಬರೆದ ಅಕ್ಷರಗಳಲ್ಲಿ ಅರ್ಧವನ್ನು ನುಂಗುತ್ತಾರೆ. 'ದ'ಕಾರ ನಾಲಿಗೆಯಲ್ಲೇ ಕರಗುತ್ತದೆ. ಕೆಲವು ಪದಗಳ ನಡುವೆ ಗಂಟಲು ಒಂದು ಕ್ಷಣ ಮುಚ್ಚಿಕೊಳ್ಳುತ್ತದೆ. ಎಣಿಕೆ ಇಪ್ಪತ್ತರ ಲೆಕ್ಕದಲ್ಲಿ. ತೊಂಬತ್ತೆರಡು ಎನ್ನಲು ಎರಡು ಮತ್ತು 'ಅರ್ಧ ಐದನೆಯ' ಇಪ್ಪತ್ತು ಎನ್ನಬೇಕು. ಅಂದರೆ ನಾಲ್ಕೂವರೆ ಇಪ್ಪತ್ತು ತೊಂಬತ್ತು, ಮೇಲೆರಡು. ಗಡಿಯಾರವೂ ಹೀಗೆಯೇ. 'ಅರ್ಧ ಐದು' ಎಂದರೆ ನಮ್ಮ ಐದೂವರೆ ಅಲ್ಲ, ನಾಲ್ಕೂವರೆ. ನಿಲಯದ ಅಡುಗೆಮನೆಯ ಸಭೆಗೆ ಅವಳು ಒಂದು ಗಂಟೆ ತಡವಾಗಿ ಹೋಗಿ, ಎಲ್ಲರೂ ಎದ್ದುಹೋದ ಕುರ್ಚಿಗಳನ್ನು ನೋಡಿ ಬಂದದ್ದು ಈ ಅರ್ಧದ ದೆಸೆಯಿಂದ. ಇನ್ನೊಂದು ಕಡೆ, 'ದಯವಿಟ್ಟು' ಎಂಬುದಕ್ಕೆ ಡ್ಯಾನಿಶಿನಲ್ಲಿ ನೇರ ಪದವಿಲ್ಲ. ಆಡುಗನ್ನಡದಲ್ಲಿಯೂ ನಾವು ಅದನ್ನು ಬಳಸುವುದು ಅಷ್ಟಕ್ಕಷ್ಟೇ. "ಒಂದ್ ಚಾ ಕೊಡ್ರಿ" ಎಂಬಲ್ಲಿ ದಯೆಯೆಲ್ಲ ಆ 'ರಿ'ಯಲ್ಲಿದೆ. ಡೇನರ ವಿನಯವೆಲ್ಲ 'ಟಾಕ್' ಎಂಬ ಧನ್ಯವಾದದಲ್ಲಿದೆ. ಊಟಕ್ಕೆ ಟಾಕ್, ಈ ದಿನಕ್ಕೆ ಟಾಕ್, ಹಿಂದಿನ ಸಲ ಭೇಟಿಯಾದದ್ದಕ್ಕೂ ಟಾಕ್.

ಸೆಪ್ಟೆಂಬರ್ ಮೂರನೆಯ ವಾರ ಅವಳು ಕೊಂಚ ನಡುಗಿದ ದನಿಯಲ್ಲಿ ಫೋನ್ ಮಾಡಿದಳು. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ವಿದ್ಯಾರ್ಥಿಗಳ ಮೇಲಿನ ನಿಯಮಗಳನ್ನು ಬಿಗಿಗೊಳಿಸುವುದಾಗಿ ಅಲ್ಲಿಯ ಸರ್ಕಾರ ಪ್ರಕಟಿಸಿತ್ತು. ಸಂಗಾತಿಯನ್ನು ಕರೆತರುವ ಅವಕಾಶವನ್ನೂ, ಪದವಿಯ ನಂತರ ಕೆಲಸ ಹುಡುಕಲು ಕೊಡುವ ಅವಧಿಯನ್ನೂ ಕಡಿತಗೊಳಿಸುವ ಇರಾದೆ ಅದರಲ್ಲಿತ್ತು. ಗುರಿಯಾಗಿದ್ದವರು ಮುಖ್ಯವಾಗಿ ನೇಪಾಳ ಮತ್ತು ಬಾಂಗ್ಲಾದೇಶದ ವಿದ್ಯಾರ್ಥಿಗಳು. ಓದಿನ ನೆಪದಲ್ಲಿ ಕೂಲಿಗೆ ಬರುತ್ತಾರೆಂಬುದು ಆರೋಪ. ಆದರೆ ಮೈಬಣ್ಣ ನೋಡಿ ದೇಶ ಗುರುತಿಸುವಷ್ಟು ಸೂಕ್ಷ್ಮತೆ ಬಸ್ಸಿನ ಸಹಪ್ರಯಾಣಿಕರಿಗೆ ಇರುವುದಿಲ್ಲವಲ್ಲ. ಈ ಏರಿಳಿತ ಡೆನ್ಮಾರ್ಕಿಗೆ ಹೊಸದಲ್ಲ. 2006ರಲ್ಲಿ ಹೊರಗಿನವರಿಗೆ ಶುಲ್ಕ ವಿಧಿಸಿದರು. ಇಂದು ಅದು ವರ್ಷಕ್ಕೆ ಸುಮಾರು 6,000ದಿಂದ 16,000 ಯೂರೊ. 2021ರಲ್ಲಿ ವೃತ್ತಿಪರ ಕಾಲೇಜುಗಳ ಇಂಗ್ಲಿಷ್ ಮಾಧ್ಯಮದ ಸೀಟುಗಳನ್ನು ಕತ್ತರಿಸಲು ಪಕ್ಷಗಳು ಒಪ್ಪಿದವು. 2023ರಲ್ಲಿ ಉದ್ಯಮಗಳಿಗೆ ಜನ ಸಾಲದೆಂದು ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ಸೀಟುಗಳನ್ನು ಹೆಚ್ಚಿಸಲು ಒಪ್ಪಂದವಾಯಿತು, ಕೆಲಸ ಹುಡುಕುವ ಅವಧಿ ಮೂರು ವರ್ಷಕ್ಕೆ ಏರಿತು. ಎರಡೇ ವರ್ಷದಲ್ಲಿ ಗಾಳಿ ಮತ್ತೆ ತಿರುಗಿದೆ. ಹದಿನೈದು ಲಕ್ಷ, ಇಪ್ಪತ್ತು ಲಕ್ಷ ಸಾಲ ತೆಗೆಯುವ ಮಧ್ಯಮ ವರ್ಗದ ಕುಟುಂಬ ಈ ಗಾಳಿಯನ್ನೇ ನಂಬಿ ಲೆಕ್ಕ ಹಾಕಿರುತ್ತದೆ ಎಂಬುದನ್ನು ಅಲ್ಲಿಯ ಸಂಸತ್ತು ಯೋಚಿಸಬೇಕಾಗಿಲ್ಲ. ಇಲ್ಲಿಯ ತಂದೆತಾಯಿ ಯೋಚಿಸಲೇಬೇಕು. ಅರೆಕಾಲಿಕ ದುಡಿಮೆಯಿಂದ ಸಾಲ ತೀರುತ್ತದೆಂದು ಏಜೆಂಟರು ಹೇಳಿದರೆ, ತಿಂಗಳಿಗೆ 90 ಗಂಟೆಯ ಮಿತಿಯಿದೆ ಎಂಬುದನ್ನೂ, ಓದು ಮತ್ತು ಗುಂಪು ಕೆಲಸದ ನಡುವೆ ಆ 90 ಗಂಟೆಯೂ ಸುಲಭವಾಗಿ ದಕ್ಕದೆಂಬುದನ್ನೂ ಕೇಳಿ ತಿಳಿದುಕೊಳ್ಳುವುದು ಮೇಲು.

ಆ ರಾತ್ರಿ ನಾನು ಅವಳಿಗೆ ಹೇಳಿದ್ದು ಒಂದೇ: ಡ್ಯಾನಿಶ್ ತರಗತಿಗೆ ಈ ವಾರವೇ ಸೇರು, ಮುಂದಿನ ಸೆಮಿಸ್ಟರಿಗೆ ಬಿಡಬೇಡ. ಸಂಖ್ಯೆ ಪಡೆದ ಹೊರದೇಶದ ವಿದ್ಯಾರ್ಥಿಗಳಿಗೆ ಒಂದಿಷ್ಟು ಠೇವಣಿ ಇಟ್ಟರೆ ಪಾಠ ಉಚಿತ. ಹಂತ ಹಂತವಾಗಿ ಪರೀಕ್ಷೆ ಮುಗಿಸಿದರೆ ಠೇವಣಿ ವಾಪಸು. ಎಂಜಿನಿಯರಿಂಗ್ ಓದಿನ ನಡುವೆ ವಾರಕ್ಕೆರಡು ಸಂಜೆ ಕಳೆಯುವುದು ಹೊರೆಯೇ ಸರಿ. ಆದರೆ ಸರ್ಕಾರದ ನಿಯಮವನ್ನು ಬದಲಿಸುವುದು ಅವಳ ಕೈಯಲ್ಲಿಲ್ಲ, ನಾಲಿಗೆಯನ್ನು ತಿರುಗಿಸುವುದು ಅವಳ ಬಾಯಲ್ಲೇ ಇದೆ.

ಸೇರಿದಳು. ಮೊದಲ ಪಾಠದಲ್ಲಿ ಎಲ್ಲರೂ ತಮ್ಮ ತಾಯ್ನುಡಿ ಹೇಳಬೇಕಿತ್ತು. ಕನ್ನಡ ಎಂದಾಗ ಅಧ್ಯಾಪಕಿ ಎರಡು ಸಲ ಕೇಳಿ ಬರೆದುಕೊಂಡರಂತೆ. ಇದನ್ನು ಕೇಳಿ ನನಗೆ ನೆನಪಾದದ್ದು ಬಂಗಾಳದ ಸೆರಾಂಪುರ. 1755ರಿಂದ 1845ರವರೆಗೆ ಆ ಊರು ಡೇನರ ವಸಾಹತು. ಅಲ್ಲಿಯ ಕಾಲೇಜಿಗೆ ಸನದು ಕೊಟ್ಟದ್ದು 1827ರಲ್ಲಿ ಡೆನ್ಮಾರ್ಕಿನ ದೊರೆ. ಆ ಊರಿನ ಮಿಷನ್ ಮುದ್ರಣಾಲಯದಲ್ಲೇ 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ಡ್ಯಾನಿಶ್ ಬಾವುಟದ ಕೆಳಗೆ ಕನ್ನಡದ 'ನೀನು, ನೀವು'ಗಳು ಅಚ್ಚಿನ ಮೊಳೆ ಕಂಡು ಇನ್ನೂರು ವರ್ಷ ಕಳೆದಿವೆ. ಮುಂದಿನ ಪಾಠದಲ್ಲಿ ಇದನ್ನು ಹೇಳು ಎಂದೆ. "ಹೇಳೂವಷ್ಟು ಡ್ಯಾನಿಶ್ ಬರಬೇಕಲ್ಲ ಮಾಮಾ" ಎಂದು ನಕ್ಕಳು.

ಅಕ್ಟೋಬರ್ 26ರ ಭಾನುವಾರ ಯುರೋಪಿನ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಸರಿದವು. ಅಲ್ಲಿ ಸಂಜೆ ಐದಕ್ಕೇ ಕತ್ತಲು, ಡಿಸೆಂಬರಿನಲ್ಲಿ ಹಗಲು ಏಳು ಗಂಟೆಯಷ್ಟೇ. ಗದಗಿನಲ್ಲಿ ಅಕ್ಕ ಈಗ ಫೋನಿಗೆ ಕಾಯುವುದು ಒಂಬತ್ತೂವರೆಗಲ್ಲ, ಹತ್ತೂವರೆಗೆ. ಮಂಗಳವಾರ, ಗುರುವಾರ ಡ್ಯಾನಿಶ್ ಪಾಠವಿರುವುದರಿಂದ ಆ ಎರಡು ದಿನ ಫೋನ್ ಇನ್ನೂ ತಡ. ಭಾವ ಮಾತ್ರ ಮಲಗದೆ ಕೂತಿರುತ್ತಾರೆ. ಇವತ್ತು ತರಗತಿಯಲ್ಲಿ ಏನು ಕೇಳಿದೆ ಎಂದು ಮಗಳನ್ನು ವಿಚಾರಿಸುವುದು ಅವರಿಗೀಗ ರೂಢಿಯಾಗಿದೆ.